ವೀಳ್ಯ ಪಡೆದ ತಾಯಂದಿರು

‘ಇಲ್ಲ’ ಎಂದು ಮುಖಕ್ಕೆ ಹೇಳಲಾರದವರನ್ನು ಕಂಡರೆ ನನಗೆ ಒಂದು ಕಾಲದಲ್ಲಿ ಬಹಳ ಸಿಟ್ಟು. ಅದು ಇಳಿದದ್ದು ಲಕ್ಕೂರಿನ ಒಂದು ಅಂಗಳದಲ್ಲಿ, ಎಪ್ಪತ್ತೆಂಟರಲ್ಲಿರಬೇಕು. ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಬೇಕಾದ್ದನ್ನು ಬೇಕಾದ ಹಾಗೆ ಕತ್ತರಿಸಿ ಅಂಟಿಸುವ ಚಾಳಿ ಅದಕ್ಕೆ.

ಗೆಳೆಯರೆಲ್ಲ ಸೇರಿ ಸಿನಿಮಾ ತೆಗೆಯುತ್ತಿದ್ದೆವು. ಎರವಲು ಕ್ಯಾಮೆರಾ ಸಂಜೆಯ ರೈಲಿಗೆ ಬೆಂಗಳೂರಿಗೆ ಮರಳಬೇಕಿತ್ತು. ಉಳಿದದ್ದು ಒಂದೇ ದೃಶ್ಯ: ಖಾಲಿ ಅಂಗಳದಲ್ಲಿ ಒಬ್ಬಳೇ ತಾಯಿ. ಆಧುನಿಕ ಮನುಷ್ಯನ ಒಂಟಿತನವನ್ನೆಲ್ಲ ಅಲ್ಲಿ ಹಿಡಿದುಬಿಡುವ ಹುಮ್ಮಸ್ಸು ನನಗೆ.

ಪಾತ್ರಧಾರಿಗಳನ್ನು ಒದಗಿಸುವ ನಮ್ಮ ಏಜೆಂಟರೆಂದರೆ ಹಾರ್ಮೋನಿಯಂ ಮೇಷ್ಟ್ರು ಮುನಿಶಾಮಪ್ಪ. ಊರೂರಿಗೆ ಪೌರಾಣಿಕ ನಾಟಕ ಕಲಿಸಿದವರು. ಶ್ರೀನಿವಾಸಪುರದಿಂದ ಮಾಲೂರಿನವರೆಗೆ ಯಾರ ಗಂಟಲು ಎಷ್ಟು ಏರುತ್ತದೆಂದು ಬಲ್ಲವರು. ತಾಯಿಗೆ ಮಾತೇ ಇಲ್ಲ ಎಂದಾಗ ಕನಿಕರದಿಂದ ನೋಡಿ, “ಒಂದು ಹಾಡಾದ್ರೂ ಇಡಿ ಸಾರ್” ಎಂದಿದ್ದರು.

ಕಲಾವಿದರ ಕೈಗೆ ವೀಳ್ಯ ಕೊಟ್ಟರೆ ಪಾತ್ರ ಅವರದೇ ಎಂಬುದು ನಾಟಕದವರ ಕಟ್ಟುಪಾಡು. ಅಂದು ಬಸ್ಸಿನಿಂದ ಐವರು ತಾಯಂದಿರು ಇಳಿದರು. ಪಾತ್ರ ಕೇಳಿದವರಿಗೆಲ್ಲ ಇಲ್ಲವೆನ್ನಲಾರದೆ ಮೇಷ್ಟ್ರು ವೀಳ್ಯ ಕೊಟ್ಟಿದ್ದರು.

“ನಾಲ್ಕು ಜನಾನ ವಾಪಸ್ ಕಳಿಸಿ ಮೇಷ್ಟ್ರೇ.”

“ಕಳಿಸ್ತೀನಿ ಸಾರ್. ನಾಳೆಯಿಂದ ನನ್ನ ಕೈಯಿಂದ ಯಾರೂ ವೀಳ್ಯ ತಗೊಳ್ಳಲ್ಲ, ಅಷ್ಟೇ.”

ಅಷ್ಟರಲ್ಲಿ ಐವರಲ್ಲೊಬ್ಬರು, “ಏನ್ ಮೇಷ್ಟ್ರೇ, ಒಬ್ಬ ಮಗನ್ನ ಐದು ಜನ ಹೆತ್ತಿದ್ದೀವಾ?” ಎಂದರು. ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. ಆ ಮುಖ ನೋಡಿ ನನ್ನ ಒಂಟಿತನದ ಸಿದ್ಧಾಂತ ಸಡಿಲವಾಯಿತು. ಪಕ್ಕದ ಮನೆಯಿಂದ ಅವರೆಕಾಯಿ ತರಿಸಿ, ಐವರನ್ನೂ ಸುಲಿಯಲು ಕೂರಿಸಿದೆ. ಇವರಲ್ಲಿ ತಾಯಿ ಯಾರೆಂದು ನಮ್ಮ ಚಿತ್ರ ಹೇಳುವುದಿಲ್ಲ. ಮುಂದೆ ಕೆಲವರು ಇದನ್ನು ದಿಟ್ಟ ಪ್ರಯೋಗವೆಂದು ಹೊಗಳಿದರು, ನಾನು ತಡೆಯಲಿಲ್ಲ.

ಆದರೆ ಕ್ಯಾಮೆರಾದ ಚೌಕಟ್ಟಿನಲ್ಲಿ ಹಿಡಿಸಿದ್ದು ನಾಲ್ವರೇ. ಹಿಂದೆ ಸರಿಯೋಣವೆಂದರೆ ಬೆನ್ನಿಗೆ ಗೋಡೆ, ಬೆಳಕೂ ಇಳಿಯುತ್ತಿತ್ತು. ತುದಿಯಲ್ಲಿದ್ದ ಮುಳಬಾಗಿಲಿನ ಅಜ್ಜಿಯ ಕೈ ಮಾತ್ರ ಆಗಾಗ ಒಳಬಂದು, ಮೊರಕ್ಕೆ ಕಾಳು ಹಾಕಿ ಹೋಗುತ್ತಿತ್ತು.

ಎಲ್ಲ ಮುಗಿದ ಮೇಲೆ ಆಕೆ ಹತ್ತಿರ ಬಂದು, ಕ್ಯಾಮೆರಾದತ್ತ ಕೈ ತೋರಿ ತೆಲುಗಿನ ರಾಗದಲ್ಲಿ ಕೇಳಿದರು: “ನಾನು ಅದ್ರಲ್ಲಿ ಬಿದ್ನಾ ಸಾರ್?”

‘ಇಲ್ಲ’ ಎನ್ನಲು ಬಾಯಿ ತೆರೆದೆ.

“ಚೆನ್ನಾಗಿ ಬಿದ್ದಿದ್ದೀರಮ್ಮಾ” ಎಂದೆ.

ಚಿತ್ರದಲ್ಲಿರುವ ನಾಲ್ವರ ಮುಖ ಇಂದು ನೆನಪಿಲ್ಲ, ಆಕೆಯದು ಇದೆ. ಪಕ್ಕದಲ್ಲಿದ್ದ ಮೇಷ್ಟ್ರು ನನ್ನನ್ನೊಮ್ಮೆ ನೋಡಿದರು. ಚೀಲದಿಂದ ಎರಡು ಎಲೆ, ಒಂದು ಅಡಿಕೆ ತೆಗೆದು ನನ್ನ ಕೈಗಿಟ್ಟರು.