ಚಿಕ್ಕಮ್ಮ ‘ಸೆಟ್’ ಅನ್ನುವ ಮುಂಚೆ

ನಮ್ಮ ಚಿಕ್ಕಮ್ಮನ ಬಾಯಿಂದ ‘ಸೆಟ್’ ಎಂಬ ಪದವನ್ನು ಕಿತ್ತುಕೊಂಡರೆ ಅವಳು ಅರ್ಧ ಮೂಕಿಯಾಗುತ್ತಾಳೆ. ಅಡುಗೆಗೆ ಉಪ್ಪು ಸರಿಬಿದ್ದರೆ ಸೆಟ್. ಆರು ಲೋಟ ಸೇರಿದರೆ ಒಂದು ಸೆಟ್. ಪಕ್ಕದ ಮನೆಯ ಅತ್ತೆ-ಸೊಸೆ ಜಗಳ ಮರೆತು ಮಾತಾಡಿದರೆ, “ಅಬ್ಬಾ, ಸೆಟ್ ಆದ್ರು!” ಯಾರಿಗಾದರೂ ಕೆಲಸ ಸಿಕ್ಕರೆ, “ಇನ್ನೇನು, ಲೈಫ್ ಸೆಟ್.” ನಾನು ಫೋನು ನೋಡಿ ನಕ್ಕರೆ ಮಾತ್ರ ಕಣ್ಣು ಕಿರಿದು ಮಾಡಿ, “ಯಾರ ಜೊತೆಗೇ ಸೆಟ್ ಆಗಿರೋದು?” ನನಗೆ ಮೈಯೆಲ್ಲ ಉರಿಯುತ್ತದೆ.

ಆದರೆ ಅವಳ ಹೊಲಿಗೆ ಅಂಗಡಿಯೊಳಗೆ ಆ ಪದ ಸುಮ್ಮನೆ ಸಿಗುವುದಿಲ್ಲ. ಅವಳು ಹೊಲಿಯುವುದು ಹೆಂಗಸರ ಬಟ್ಟೆ ಮಾತ್ರ. ಹೊಸದನ್ನು ತೊಟ್ಟು ಪರದೆ ಸರಿಸಿ ಬಂದವರಿಗೆ ಮೂರು ಪರೀಕ್ಷೆ. “ಕೈ ಎತ್ತಿ. ಕೂತ್ಕೊಳ್ಳಿ. ಈಗ ಜೋರಾಗಿ ನಗಿ.” ನಕ್ಕಾಗಲೂ ಎಲ್ಲೂ ಎಳೆಯದಿದ್ದರೆ ಆಗ ‘ಸೆಟ್’. ಇಲ್ಲವೋ, ಬಿಚ್ಚಿ ಮತ್ತೆ ಹೊಲಿಗೆ.

ಬಂದ ಗಂಡುಗಳನ್ನೆಲ್ಲ “ಸೆಟ್ ಆಗಲ್ಲಮ್ಮ” ಎಂದು ಸಾಗಹಾಕುತ್ತಾ ಅವಳಿಗೆ ನಲವತ್ತೆರಡಾಗಿತ್ತು. ಅಜ್ಜಿ ಹೇಳಿ ಹೇಳಿ ಸೋತಿದ್ದಳು. ಆಗ, ಆರು ವರ್ಷದಿಂದ ತುಟಿ ಪಿಟಕ್ಕೆನ್ನದೆ ಬಂದು ಎಣ್ಣೆ ಹಾಕಿ ಹೋಗುತ್ತಿದ್ದ ಮಿಷನ್ ರಿಪೇರಿಯವರು ಒಂದು ಸೋಮವಾರ, ಬೆಲ್ಟ್ ಬದಲಿಸುತ್ತಾ, “ನನ್ನ ಮದುವೆ ಆಗ್ತೀರಾ?” ಎಂದುಬಿಟ್ಟರು.

“ಭಾನುವಾರ ಹೇಳ್ತೀನಿ” ಎಂದಳು ಚಿಕ್ಕಮ್ಮ.

ಆ ವಾರ ಅಜ್ಜಿಗೆ ಊಟ ಸೇರಲಿಲ್ಲ. ಅವರು ರಿಪೇರಿಗೆ ಬಂದ ದಿನವೆಲ್ಲ ಇವಳ ಮುಖದಲ್ಲಿ ಬರುವ ಕಳೆ ನಾನು ನೋಡಿದ್ದೆ. ಪುಣ್ಯಾತ್ಗಿತ್ತಿ ಇವರನ್ನೂ ಓಡಿಸಿದರೆ?

ಭಾನುವಾರ ಬೆಳಿಗ್ಗೆ ನಾನೂ ಅಜ್ಜಿಯೂ ಅಂಗಡಿಯಲ್ಲೇ ಕೂತಿದ್ದಾಗ ಅವರು ಬಂದರು. ಚಿಕ್ಕಮ್ಮ ಒಂದು ನೀಲಿ ಅಂಗಿ ಕೈಗಿಟ್ಟಳು. ಟೇಪು ಹಿಡಿಯದೆ ಬರೀ ಕಣ್ಣಳತೆಯಲ್ಲಿ ಹೊಲಿದದ್ದು! “ಹಾಕ್ಕೊಂಡು ಬನ್ನಿ.”

ಪರದೆಯ ಹಿಂದೆ ಹೋದವರು ಬರಲೇ ಇಲ್ಲ. “ಕಿಟಕಿಯಿಂದ ಹಾರಿ ಹೋದ್ರೇನೇ?” ಎಂದು ಅಜ್ಜಿ ಪಿಸುಗುಟ್ಟಿದಳು. ಕೊನೆಗೆ ಬೆವರೊರೆಸಿಕೊಳ್ಳುತ್ತಾ ಬಂದರು.

“ಕೈ ಎತ್ತಿ.” ಎತ್ತಿದರು. “ಕೂತ್ಕೊಳ್ಳಿ.” ಕೂತರು. “ನಗಿ.”

ಎಲ್ಲಿಯ ನಗು! ಹಲ್ಲು ಕೀಳಿಸಲು ಬಂದವರ ಹಾಗೆ ಬಾಯಿ ತೆರೆದರು, ಮುಚ್ಚಿದರು. ಚಿಕ್ಕಮ್ಮನ ಮುಖ ಬಾಡಿತು.

“ಬೇಜಾರು ಮಾಡ್ಕೋಬೇಡಿ,” ಎಂದರು ಮೆಲ್ಲಗೆ. “ಗುಂಡಿಯೆಲ್ಲ ಎಡಗಡೆ ಇವೆ. ಹಾಕ್ಕೊಳ್ಳೋ ಅಷ್ಟರಲ್ಲಿ ಸಾಕುಸಾಕಾಯ್ತು.”

ಚಿಕ್ಕಮ್ಮ ಬಗ್ಗಿ ನೋಡಿದಳು. ಗಂಡಸರ ಅಂಗಿಗೆ ಗುಂಡಿ ಬಲಗಡೆ. ಇಪ್ಪತ್ತು ವರ್ಷ ಹೆಂಗಸರ ಬಟ್ಟೆ ಹೊಲಿದ ಕೈ! “ಅಯ್ಯೋ ನನ್ನ ಬುದ್ಧಿಗಿಷ್ಟು!” ಎಂದು ಹಣೆ ಚಚ್ಚಿಕೊಂಡಳು.

ಅವರು ನಕ್ಕರು. ಹೊಟ್ಟೆ ಕುಣಿಯುವ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಅಂಗಿ ಎಲ್ಲೂ ಎಳೆಯಲಿಲ್ಲ.

“ಬಿಚ್ಚಿಕೊಡಿ, ಸರಿ ಮಾಡ್ತೀನಿ.”

“ಅಂಗಿ ಕೊಡಲ್ಲ. ಉತ್ತರ ಹೇಳಿ.”

ಚಿಕ್ಕಮ್ಮ ಅವರ ಕಾಲರಿನ ಬಳಿ ಉಳಿದಿದ್ದ ದಾರ ಕತ್ತರಿಸಿ, “ಸೆಟ್” ಎಂದಳು.

“ಏನೇ ಸೆಟ್ಟು? ಅಂಗಿನೋ, ಗಂಡೋ?” ಅಜ್ಜಿ ಎದ್ದೇ ನಿಂತಳು.

“ಎರಡೂ ಕಣಮ್ಮ!”

ನನಗೆ ಅಳುವೇ ಬಂತು, ಖುಷಿಗೆ.

ನಾಲ್ಕು ವರ್ಷವಾಯಿತು. ಈಗಲೂ ಭಾನುವಾರ ಚಿಕ್ಕಪ್ಪನಿಗೆ ಅದೇ ಅಂಗಿ. ತೋಳು ತೂರಿಸಿ, ಗುಂಡಿ ಹಾಕದೆ ಬಂದು ಚಿಕ್ಕಮ್ಮನ ಎದುರು ನಿಲ್ಲುತ್ತಾರೆ. “ಇನ್ನೂ ಕಲೀಲಿಲ್ವಾ?” ಎಂದು ಬೈಯುತ್ತಲೇ ಅವಳು ಒಂದೊಂದೇ ಗುಂಡಿ ಹಾಕುತ್ತಾಳೆ. ಕಣ್ಣು ಮುಚ್ಚಿಕೊಂಡು ಇಡೀ ಮಿಷನ್ ಬಿಚ್ಚಿ ಜೋಡಿಸುವ ಮನುಷ್ಯ ಅವರು.