ತಗಚಿ ಎಲೆಯೂ ಮುದಕಮ್ಮನ ಕೈಯೂ

ಗಂಗಾವತಿಯ ಒಂದು ಕಾಲೇಜಿನ ಲ್ಯಾಬಿನಲ್ಲಿ ಗಾಜಿನ ತಟ್ಟೆ ತೊಳೆಯುವುದು ನನ್ನ ನೌಕರಿ. ಊರಿನಲ್ಲಿ ಮಾತ್ರ ನಾನು ವಿಜ್ಞಾನಿ. ಚರ್ಮರೋಗದ ಶಿಲೀಂಧ್ರ ಬೆಳೆಸುವ ತಟ್ಟೆಗಳವು. ಹೋದ ಮಳೆಗಾಲ ವಿಜ್ಞಾನಿಯ ಕುತ್ತಿಗೆಗೇ ಹುಳುಕಡ್ಡಿ ಎದ್ದಿತು. ರೂಮಿನ ಗೆಳೆಯ ಗಾಳೇಶ ಅಂಟೀತೆಂದು ನನ್ನ ಟವೆಲನ್ನು ದೂರದ ಮೊಳೆಗೆ ಸಾಗಿಸಿದ. ಮುಲಾಮಿಗೆ ಅದು ಜಗ್ಗದಿದ್ದಾಗ, "ಕಾರಟಗಿ ಮುದಕಮ್ಮನ ಹತ್ರ ಹೋಗಲೇ, ಕೈಗುಣ ಐತಿ" ಎಂದು ನನ್ನನ್ನೂ ಸಾಗಿಸಿದ.

ಮುದಕಮ್ಮ ಕಾಲುವೆ ದಂಡೆಯಲ್ಲಿ ಒಬ್ಬಳೇ ಇರುವ ವಿಧವೆ. ಸೀಮಂತಕ್ಕಾಗಲಿ ಬಳೆ ಇಡಿಸಲಿಕ್ಕಾಗಲಿ ಆ ಕೈಯನ್ನು ಯಾರೂ ಕರೆಯುವುದಿಲ್ಲ. ಭಾನುವಾರ ಮಾತ್ರ, ಭತ್ತದ ಕೆಸರಿನಲ್ಲಿ ನಿಂತು ಚರ್ಮ ಕೆಡಿಸಿಕೊಂಡ ಹೆಂಗಸರು ಅವಳ ಕಟ್ಟೆ ತುಂಬ ಕೂತಿರುತ್ತಾರೆ. ತಗಚಿ ಎಲೆಯನ್ನು ನಿಂಬೆರಸದಲ್ಲಿ ಅರೆದು, ಹೆಬ್ಬೆರಳಿನಿಂದ ತಾನೇ ಹಚ್ಚುತ್ತಾಳೆ. ಬೇರೆಯವರು ಹಚ್ಚಿದರೆ ನಾಟುವುದಿಲ್ಲವೆಂದು ಊರಿನ ನಂಬಿಕೆ. ಅವಳದೂ ಅದೇ.

"ನಾಚ್ಕೋಬ್ಯಾಡೋ ತಮ್ಮಾ, ಕುತಿಗಿ ಕೊಡು. ಕೊಯ್ಯಂಗಿಲ್ಲ."

ಮೂರು ಭಾನುವಾರಕ್ಕೆ ವಾಸಿಯಾಯಿತು. ಎಲೆಯ ಗಂಟೊಂದನ್ನು ಅವಳೇ ನನ್ನ ಕೈಗಿಟ್ಟಳು. "ನಿಮ್ಮ ಲ್ಯಾಬಿನಾಗ ನೋಡ್ರಿ. ನಂದು ಬರೇ ಬೊಗಳಿ ಅಂತಾರ ಕೆಲವ್ರು. ಅವ್ರ ಬಾಯಿ ಮುಚ್ಚಬೇಕು."

ನಮ್ಮ ಲ್ಯಾಬಿನ ಸುಮಂಗಲಾ ಮೇಡಂ ರಸ ತೆಗೆದು, ಶಿಲೀಂಧ್ರದ ತಟ್ಟೆಯಲ್ಲಿಟ್ಟು ಪರೀಕ್ಷೆ ಮಾಡಿದರು. ತಟ್ಟೆ ತುಂಬ ಬಿಳಿ ಬೂಷ್ಟು. ರಸದಲ್ಲಿ ಅದ್ದಿಟ್ಟ ಕಾಗದದ ಬಿಲ್ಲೆಯ ಸುತ್ತ ಮಾತ್ರ ಏನೂ ಬೆಳೆಯದ ಸ್ವಚ್ಛ ಬಯಲು. ನಾನು ಭಾನುವಾರವೇ ಹೋಗಿ ಫೋಟೊ ತೋರಿಸಿದೆ.

ಮುದಕಮ್ಮ ಫೋನನ್ನು ಬಹಳ ಹೊತ್ತು ನೋಡಿದಳು. "ಇದನ್ನ ಹಚ್ಚಿದವ್ರು ಯಾರು?"

"ಯಾರೂ ಹಚ್ಚಿಲ್ಲಬೇ ಯವ್ವ. ಮೇಡಂ ಚಿಮಟಿಗಿಲೆ ಇಟ್ಟಾರ."

"ಹಂಗಂದ್ರ ಕೈ ಬೇಕಾಗಿಲ್ಲ?"

ವಿಜ್ಞಾನಿಯಲ್ಲವೇ, ಎದೆಯುಬ್ಬಿಸಿ "ಬೇಕಾಗಿಲ್ಲ" ಎಂದೆ.

ಕಟ್ಟೆಯ ಮೇಲೆ ಸರದಿ ಕಾಯುತ್ತಿದ್ದ ಲಲಿತಾ ನಕ್ಕಳು. "ಮತ್ತ ನಾವು ಬಿಸಲಾಗ ಇಲ್ಲೀತನ ಯಾಕ ಬರೋಣು? ಕಾಲುವಿ ದಂಡಿ ತುಂಬ ತಗಚಿ ಬೆಳದೈತಿ."

ಮುದಕಮ್ಮನೂ ನಕ್ಕಳು, ಸ್ವಲ್ಪ ತಡವಾಗಿ.

ಮುಂದಿನ ಭಾನುವಾರ ಕೆಲಸವಿಲ್ಲದೆಯೂ ಕಾರಟಗಿ ಬಸ್ಸು ಹತ್ತಿದೆ. ಕಟ್ಟೆ ಖಾಲಿ. ಎಂದಿನಷ್ಟೇ ಎಲೆ ಅರೆದಿಟ್ಟುಕೊಂಡು ಅವಳು ದಾರಿ ನೋಡುತ್ತಿದ್ದಳು. ಅರೆದದ್ದು ಅಂಚಿನಲ್ಲಿ ಕಪ್ಪಾಗತೊಡಗಿತ್ತು.

"ನಿಂದು ಹೋಗೈತಲ್ಲೋ, ಮತ್ಯಾಕ ಬಂದಿ?"

"ಲ್ಯಾಬಿನಾಗ ಎಲಿ ಅಷ್ಟ ನೋಡ್ಯಾರಬೇ. ಕೈ ನೋಡಿಲ್ಲ."

ಅವಳು ನನ್ನ ಮುಖ ನೋಡಿದಳು, ಖಾಲಿ ದಾರಿ ನೋಡಿದಳು. "ಕುತಿಗಿ ಕೊಡು."

ಏನೂ ಇಲ್ಲದ ಕುತ್ತಿಗೆಯ ಮೇಲೆ ಹೆಬ್ಬೆರಳು ನಿಧಾನವಾಗಿ ಸುತ್ತು ಹಾಕಿತು. ರೂಮಿನಲ್ಲಿ ನನ್ನ ಟವೆಲು ಇನ್ನೂ ದೂರದ ಮೊಳೆಯಲ್ಲೇ ಇದೆ.

"ಮುಂದಿನ ಐತವಾರನೂ ಬಾ" ಎಂದಳು. "ಮೂರು ಸಲ ಹಚ್ಚಬೇಕು."