ಪಾಪದವಳಾದ ಮೇಲೆ

ಲೈನಿಂಗ್ ಬಟ್ಟೆಯ ಹೊಸ ಥಾನು ಬಿಚ್ಚಿದಾಗ ಗಂಜಿಯ ವಾಸನೆಯೊಂದು ಮೇಲೇಳುತ್ತದೆ. ನಿಮಗೆ ಅದು ವಾಸನೆಯೇ ಅನ್ನಿಸಲಿಕ್ಕಿಲ್ಲ. ನನ್ನ ಮೂಗಿನೊಳಗೆ ಕೂತರೆ ಮಧ್ಯಾಹ್ನದವರೆಗೂ ಏಳುವುದಿಲ್ಲ. ಇವತ್ತು ಬೆಳಿಗ್ಗೆ ಅಂಗಡಿಯಲ್ಲಿ ಹೊಸ ಸರಕು ಬಿಚ್ಚುವಾಗ, ಇಡೀ ದಿನ ಆ ವಾಸನೆಯ ನಡುವೆಯೇ ನನ್ನನ್ನು ಕೂರಿಸಿದ್ದ ಕಾಲ ನೆನಪಾಯಿತು. ಕೂರಿಸಿದವರು ನಮ್ಮ ಜಯಕ್ಕ. ಅದೂ ಪ್ರೀತಿಯಿಂದ. ಪ್ರೀತಿಯಿಂದ ಮಾಡಿದ್ದಕ್ಕೆ ಜಗಳ ತೆಗೆಯುವುದು ಎಷ್ಟು ಕಷ್ಟ ಗೊತ್ತೇ?

ಜಯಕ್ಕ ಸೋಮವಾರಪೇಟೆಯಲ್ಲಿ ಮ್ಯಾಚಿಂಗ್ ಸೆಂಟರ್ ಇಟ್ಟವರು. ಸೀರೆಗೆ ಹೊಂದುವ ಬ್ಲೌಸ್ ಪೀಸು, ಲೈನಿಂಗು, ಫಾಲ್ಸು, ಇಷ್ಟೇ ವ್ಯಾಪಾರ. ಕೌಂಟರಿನಲ್ಲಿ ನಾನು. ಗಿರಾಕಿ ಸೀರೆ ಮುಂದಿಟ್ಟರೆ ನಾನು ಸೀರೆ ನೋಡುತ್ತೇನೆ, ಮುಖ ನೋಡುವುದಿಲ್ಲ. ಮುಖ ಅಲ್ಲಾಡುತ್ತಲೇ ಇರುತ್ತದೆ, ಸೀರೆ ಸುಮ್ಮನೆ ಬಿದ್ದಿರುತ್ತದೆ. ಇಬ್ಬರು ಒಟ್ಟಿಗೆ ಮಾತಾಡಿದರೆ ಎರಡೂ ತಲೆಗೆ ಹೋಗುವುದಿಲ್ಲ. "ಈ ಬಣ್ಣ ನಂಗೆ ಒಪ್ಪುತ್ತಾ?" ಎಂದು ಕೇಳಿದರೆ, ಒಪ್ಪದಿದ್ದರೆ "ಇಲ್ಲ" ಎಂದುಬಿಡುತ್ತೇನೆ. ಹೀಗಾಗಿ ಪೇಟೆಯಲ್ಲಿ ನನಗೆ ಮೊಂಡಿ, ಜಂಬದವಳು ಎಂಬ ಬಿರುದುಗಳಿದ್ದವು. ಶನಿವಾರಸಂತೆಯ ಟೀಚರೊಬ್ಬರಂತೂ ನನ್ನೆದುರೇ "ಇವ್ಳಿಗೆಷ್ಟು ಕೊಬ್ಬು ನೋಡ್ರೀ" ಎಂದಿದ್ದರು. ಆದರೂ ಪ್ರತಿ ಸಲ ನನ್ನ ಹತ್ತಿರವೇ ಬಂದು, ಜಗಳವಾಡಿಯೇ ಬಟ್ಟೆ ಆರಿಸುತ್ತಿದ್ದರು.

ಆಮೇಲೊಂದು ದಿನ ಮೈಸೂರಿನ ಡಾಕ್ಟರು ನನಗೆ ಆಟಿಸಂ ಇದೆ ಎಂದರು. ಇದು ಕಾಯಿಲೆಯಲ್ಲ, ಹುಟ್ಟಿನಿಂದಲೇ ನೀವು ಜಗತ್ತನ್ನು ನೋಡುವ, ಕೇಳುವ ರೀತಿ ಬೇರೆ ಎಂದು ಬಿಡಿಸಿ ಹೇಳಿದರು. ಅಬ್ಬಾ, ನನಗಾದ ಖುಷಿ! ನಲವತ್ತರ ಹತ್ತಿರ ಬಂದ ಮೇಲಾದರೂ ನಾನು ಜಂಬದವಳಲ್ಲವೆಂದು ನನಗಾದರೂ ಗೊತ್ತಾಯಿತಲ್ಲ. ಬಸ್ಸಿಳಿದವಳೇ ಜಯಕ್ಕನಿಗೆ ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡು ಅತ್ತರು. ನಾನು ಖುಷಿಗೆಂದು ಮೈಸೂರುಪಾಕು ತಂದಿದ್ದೆ. ಕೊಡುವುದೋ ಬೇಡವೋ ತಿಳಿಯಲಿಲ್ಲ.

ಮಾರನೆಯ ದಿನದಿಂದ ಶುರುವಾಯಿತು. ಗಿರಾಕಿ ಹೊಸ್ತಿಲು ದಾಟಿದರೆ ಸಾಕು, ಜಯಕ್ಕ ದನಿ ತಗ್ಗಿಸಿ, "ಪಾಪ, ಅವ್ಳಿಗೆ ಆಟಿಸಂ ಅಂತೆ ಕಣವ್ವ, ಏನೂ ಅನ್ಕೋಬೇಡಿ" ಎನ್ನುವರು. "ಅಯ್ಯೋ ಪಾಪವೇ! ಗುಣ ಆಗುತ್ತಂತಾ?" ಎಂದು ಬಂದವರು ನನ್ನ ತಲೆಯ ಮೇಲಿಂದ ಜಯಕ್ಕನನ್ನು ಕೇಳುವರು. ಆ ಟೀಚರು ಬಂದವರು ಜಗಳವನ್ನೇ ಮರೆತರು. ನಾನು ತೋರಿಸಿದ ನೀಲಿಯನ್ನು "ಪರ್ವಾಗಿಲ್ಲ ಪುಟ್ಟಾ" ಎಂದು ಕಟ್ಟಿಸಿಕೊಂಡು, ಎದುರು ಅಂಗಡಿಗೆ ಹೋಗಿ ಬೇರೆ ನೀಲಿ ಕೊಂಡರು. ಪುಟ್ಟಾ ಅಂತೆ! ಅವರು ನನಗಿಂತ ಚಿಕ್ಕವರು ಕಣ್ರೀ.

ಕೊನೆಗೆ ಜಯಕ್ಕನೇ, "ನಿಂಗ್ಯಾಕವ್ವ ಈ ಜನಗಳ ಸಾವಾಸ? ಒಳಗೆ ಆರಾಮಾಗಿ ಕೂತು ಬಟ್ಟೆ ಮಡಚು" ಎಂದು ನನ್ನನ್ನು ಹೊಸ ಥಾನುಗಳನ್ನು ಪೇರಿಸಿಟ್ಟ ಹಿಂದಿನ ಕೋಣೆಗೆ ಕಳಿಸಿದರು. ಕೌಂಟರಿಗೆ ಬೇರೊಬ್ಬಳು ಬಂದಳು. ಮೊಂಡಿ ಎಂದಾಗ ಹೋಗದ ಕೆಲಸ ಪಾಪ ಎಂದಾಗ ಹೋಯಿತು ನೋಡಿ. ಬೈದವರೊಡನೆ ಬೈದಾಡಬಹುದು, ತಲೆ ಸವರುವವರ ಕೈಯನ್ನು ಏನು ಮಾಡುವುದು?

ಒಂದು ಸೋಮವಾರ ಸಂತೆಯ ಗದ್ದಲ ಮುಗಿದ ಮೇಲೆ ಹೊರಗೆ ಬಂದು ನಿಂತೆ.

"ಜಯಕ್ಕಾ, ನಂಗೆ ಆಟಿಸಂ ಇದೆ ಅಂತ ಬೇಕಾದ್ರೆ ಮೈಕ್ ಹಾಕಿ ಹೇಳಿ. ಪಾಪ ಅಂತ ಮಾತ್ರ ಸೇರಿಸ್ಬೇಡಿ."

"ಅಯ್ಯೋ, ಪ್ರೀತಿಗಂದೆ ಕಣೇ!"

"ಆ ಪ್ರೀತೀಲಿ ನನ್ ಕೌಂಟರ್ ಹೋಯ್ತಲ್ಲ."

"ಮತ್ತೆ ಏನಂತ ಹೇಳ್ಲಿ ಹೇಳು?"

"ಅವ್ಳಿಗೆ ಆಟಿಸಂ ಇದೆ, ಒಬ್ಬೊಬ್ರೇ ಮಾತಾಡಿ, ಮುಖ ನೋಡ್ಲಿಲ್ಲ ಅಂತ ಬೇಜಾರಾಗ್ಬೇಡಿ ಅನ್ನಿ. ಸಾಕು."

ಮರುದಿನ ನಾನು ಬರುವಷ್ಟರಲ್ಲಿ ನನ್ನ ಸ್ಟೂಲು ಕೌಂಟರಿನ ಹಿಂದಿತ್ತು. ಹೊಸಬಳಿಗೆ ಫಾಲ್ಸಿನ ವಿಭಾಗ ಸಿಕ್ಕಿತು. ಅಭ್ಯಾಸ ಬಿಡಬೇಕಲ್ಲ, ಎಷ್ಟೋ ದಿನ ಜಯಕ್ಕ "ಪಾ..." ಎಂದು ಶುರುಮಾಡಿ, ಕೆಮ್ಮಿ, ನೀರು ಕುಡಿಯುತ್ತಿದ್ದರು.

ಇವತ್ತು ಥಾನುಗಳನ್ನು ಜೋಡಿಸಿಡುವಷ್ಟರಲ್ಲಿ ಹಾರಂಗಿ ಕಡೆಯ ಹೆಂಗಸೊಬ್ಬರು ಬಿರಬಿರನೆ ಒಳಗೆ ಬಂದರು. ಹೋದ ವಾರ ಮನೆಮಂದಿಯೊಡನೆ ಬಂದಾಗಲೇ ಜಯಕ್ಕ ಅವರಿಗೆ ನನ್ನ ವಿಷಯ ಹೇಳಿದ್ದರು, ನಾನು ಕಲಿಸಿದ ಮಾತಿನಲ್ಲೇ. ಅವರು ಅವತ್ತು ಕೊಂಡ ಲೈನಿಂಗನ್ನು ಕೌಂಟರಿನ ಮೇಲೆ ಎಸೆದರು.

"ಏನವ್ವ, ಅಳೆಯೋವಾಗ ಜ್ಞಾನ ಎಲ್ಲಿಟ್ಟಿದ್ದೆ? ಗಿಡ್ಡ ಬಂದೈತೆ! ನಾಡಿದ್ದು ಮದ್ವೆ, ನಿಮ್ಮಜ್ಜಿ ಬಂದು ಹೊಲ್ಕೊಡ್ತಾಳಾ?"

ಜಯಕ್ಕನ ಬಾಯಿ ತೆರೆಯಿತು. ಮತ್ತೆ "ಪಾ..." ಬಂತು ಎಂದುಕೊಂಡೆ.

"ಕೊಟ್ಟೋಳು ಅವ್ಳು. ಅವ್ಳನ್ನೇ ಕೇಳಿ" ಎಂದವರೇ ಜಯಕ್ಕ ಟೀ ಹೇಳಲು ಹೊರಗೆ ಹೋದರು.

ನಾನೂ ಬಿಡಲಿಲ್ಲ. "ಗಿಡ್ಡ ಕತ್ತರಿಸಿದ್ದು ನನ್ ತಪ್ಪೇ. ಆದ್ರೆ ಅವತ್ತು ನೀವು ಮೂರು ಜನ ಒಟ್ಟಿಗೆ ಮಾತಾಡಿದ್ರಿ. ಒಬ್ಬೊಬ್ರೇ ಅಂತ ಹೇಳಿರ್ಲಿಲ್ವಾ?"

ಅವರು ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ದಿಟ್ಟಿಸಿದರೋ ಏನೋ. ನಾನು ಬಟ್ಟೆ ನೋಡುತ್ತಿದ್ದೆ.

"ಆಯ್ತು ಮಾರಾಯ್ತಿ, ಇವತ್ತು ನಾನೊಬ್ಳೇ ಬಂದಿದೀನಿ. ಅಳೆ, ಸರಿಯಾಗಿ ಅಳೆ" ಎಂದರು.